ಐಸ್ ಆಗರ್ ಕೊರೆಯುತ್ತಿಲ್ಲವೇ? ಮೊದಲು ಪುಡಿ ನೋಡಿ

ಹೆಪ್ಪುಗಟ್ಟಿದ ಕೆರೆಯ ಮೇಲೆ ಗಾಳ ಹಾಕಲು ಹೊರಟವರಿಗೆ ಮೀನಿಗಿಂತ ಮೊದಲು ಎದುರಾಗುವುದು ಮಂಜುಗಡ್ಡೆ. ಅದನ್ನು ಕೊರೆಯುವ ಸಾಧನವೇ ಐಸ್ ಆಗರ್. ಬಡಗಿಯ ಬೈರಿಗೆಯ ದೊಡ್ಡಣ್ಣ ಅನ್ನಿ. ಉದ್ದನೆಯ ಕಂಬಿ, ಅದರ ಸುತ್ತ ಸುರುಳಿ, ತುದಿಯಲ್ಲಿ ಎರಡು ಅಲಗು. ಮೇಲ್ಗಡೆ ಕೈಯಿಂದ ತಿರುಗಿಸುವ ಹಿಡಿ ಇದ್ದರೆ ಕೈ ಆಗರ್. ಆ ಜಾಗದಲ್ಲಿ ಬ್ಯಾಟರಿ ಡ್ರಿಲ್ ಸಿಕ್ಕಿಸಿದರೆ ಡ್ರಿಲ್ ಆಗರ್.

ಎರಡರಲ್ಲೂ ಕೆಡುವ ಭಾಗಗಳು ಕಡಿಮೆ. ಆದರೂ ನಾವು ದೋಷವನ್ನು ತಪ್ಪು ಜಾಗದಲ್ಲಿ ಹುಡುಕುತ್ತೇವೆ. ಕೊರೆಯಲಿಲ್ಲ ಅಂದ ಕೂಡಲೇ ಡ್ರಿಲ್‌ಗೆ ಶಕ್ತಿ ಸಾಲದು ಎಂದು ಇನ್ನೂ ದೊಡ್ಡದನ್ನು ತರುವುದು. ನಾನೂ ಹಾಗೇ ಮಾಡಿದ್ದೆ. ಅಲಗು ಹಳೆಯದೇ ಇತ್ತು, ಹೊಸ ಡ್ರಿಲ್ ಬಂದು ಕಡಿದು ಕಟ್ಟೆ ಹಾಕಿದ್ದು ಏನೂ ಇರಲಿಲ್ಲ. ಆಮೇಲೆ ಒಂದು ಅಭ್ಯಾಸ ಬೆಳೆಯಿತು: ತೊಂದರೆ ಬಂದರೆ ಡ್ರಿಲ್ ಕಡೆ ನೋಡುವುದಿಲ್ಲ, ತೂತಿನ ಸುತ್ತ ಬಿದ್ದ ಐಸ್ ಪುಡಿ ನೋಡುತ್ತೇನೆ. ಹೆಚ್ಚಿನ ಸಲ ಉತ್ತರ ಅಲ್ಲೇ ಬಿದ್ದಿರುತ್ತದೆ.

ಕೊರೆಯುವ ಮುಂಚೆ

ಆಗರ್ ರಿಪೇರಿಗಿಂತ ಜೀವ ದೊಡ್ಡದು. ನಡೆದು ಹೋಗಲು ಕನಿಷ್ಠ 10 ಸೆಂ.ಮೀ., ಅಂದರೆ 4 ಇಂಚು, ಗಟ್ಟಿ ಪಾರದರ್ಶಕ ಐಸ್ ಬೇಕು ಅನ್ನುವುದು ಸಾಮಾನ್ಯ ಲೆಕ್ಕ. ಹಾಲಿನಂತೆ ಬೆಳ್ಳಗಿರುವ ಐಸ್‌ನಲ್ಲಿ ಗಾಳಿ ಸೇರಿರುತ್ತದೆ. ಅದರ ಬಲ ಹೆಚ್ಚುಕಡಿಮೆ ಅರ್ಧ. ಹಾಗಾಗಿ ಅಲ್ಲಿ ಎರಡರಷ್ಟು ದಪ್ಪ ಇರಬೇಕು. ಒಂದು ಕಡೆ ದಪ್ಪ ಇದೆ ಅಂದ ಮಾತ್ರಕ್ಕೆ ಹತ್ತು ಹೆಜ್ಜೆ ಆಚೆಯೂ ಇರುತ್ತದೆ ಅಂತಲ್ಲ. ಹರಿಯುವ ನೀರು, ತೊರೆ ಬಂದು ಸೇರುವ ಬಾಯಿ, ಸೇತುವೆಯ ಕೆಳಗೆ, ಜೊಂಡು ಬೆಳೆದ ಜಾಗ, ಇಲ್ಲೆಲ್ಲ ಐಸ್ ತೆಳ್ಳಗಿರುವುದೇ ಜಾಸ್ತಿ.

ಒಬ್ಬರೇ ಹೋಗಬೇಡಿ. ಕುತ್ತಿಗೆಗೆ ಐಸ್ ಪಿಕ್ ನೇತುಹಾಕಿಕೊಳ್ಳಿ. ನೀರಿಗೆ ಬಿದ್ದರೆ ಅಂಚಿಗೆ ಚುಚ್ಚಿ ಮೇಲೆ ಬರಲು ಇರುವ ಎರಡು ಮೊಳೆಗಳು ಅವು. ತೇಲುವ ಜಾಕೆಟ್ ಇದ್ದರೆ ಇನ್ನೂ ಒಳ್ಳೆಯದು. ಮಫ್ಲರ್, ಜಾಕೆಟ್ಟಿನ ದಾರ, ಉದ್ದ ಕೂದಲು ಎಲ್ಲವನ್ನೂ ಒಳಗೆ ಸೇರಿಸಿ. ತಿರುಗುವ ಕಂಬಿಗೆ ಒಂದು ಎಳೆ ಸಿಕ್ಕರೂ ಸಾಕು.

"ಅಯ್ಯೋ, ಇಷ್ಟು ಬೇಗ ತೂತಾಯಿತಾ?"

ಇದನ್ನು ಯಾರೂ ದೋಷ ಅಂದುಕೊಳ್ಳುವುದಿಲ್ಲ, ಖುಷಿಪಡುತ್ತಾರೆ. ಆದರೆ ಈ ಬರಹದಲ್ಲಿ ಬರುವ ಲಕ್ಷಣಗಳಲ್ಲೆಲ್ಲ ಗಂಭೀರವಾದದ್ದು ಇದೇ. ನಾಲ್ಕೈದು ಸುತ್ತಿಗೇ ನೀರು ಉಕ್ಕಿತೆಂದರೆ ಆಗರ್ ಚೆನ್ನಾಗಿದೆ, ಐಸ್ ಚೆನ್ನಾಗಿಲ್ಲ. ಇನ್ನೊಂದು ತೂತು ಕೊರೆದು ನೋಡೋಣ ಅನ್ನಬೇಡಿ. ಬಂದ ಹೆಜ್ಜೆ ಗುರುತಿನ ಮೇಲೇ ನಿಧಾನವಾಗಿ ವಾಪಸ್ ಹೋಗಿ. ಜೊತೆಗಿದ್ದವರು ಒಂದೇ ಕಡೆ ಗುಂಪಾಗದಂತೆ ದೂರ ದೂರ ನಡೆಯಲಿ.

ಅರ್ಧ ಕೊರೆದಾಗ ನೀರು ಬಂದು, ಕೆಳಗೆ ಮತ್ತೆ ಗಟ್ಟಿ ಐಸ್ ಸಿಕ್ಕರೆ ಅದು ಪದರ ಪದರವಾದ ಐಸ್. ಮೇಲೆ ಬಿದ್ದ ಹಿಮದ ಭಾರಕ್ಕೆ ಐಸ್ ತಗ್ಗುತ್ತದೆ, ಬಿರುಕಿನಿಂದ ನೀರು ಮೇಲೆ ಬರುತ್ತದೆ, ಆ ನೀರು ಮತ್ತೆ ಮೇಲಿನಿಂದ ಹೆಪ್ಪುಗಟ್ಟುತ್ತದೆ. ಮಧ್ಯದಲ್ಲಿ ಕೆಸರಿನಂಥ ಪದರ ಉಳಿಯುತ್ತದೆ. ದಪ್ಪ ಅಳೆಯುವಾಗ ಆ ಕೆಸರನ್ನೂ ಸೇರಿಸಿ ಲೆಕ್ಕ ಹಾಕಬಾರದು.

"ತಿರುಗುತ್ತೆ, ಆದರೆ ಕೊರೆಯಲ್ಲ"

ಅತಿ ಸಾಮಾನ್ಯ ದೂರು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಮೊದಲು ಖರ್ಚಿಲ್ಲದ ಪರೀಕ್ಷೆ. ಡ್ರಿಲ್ ಹಿಂದಕ್ಕೆ ತಿರುಗುತ್ತಿದೆಯಾ ನೋಡಿ. ನಗಬೇಡಿ. ದಪ್ಪ ಗ್ಲೌಸ್ ಹಾಕಿಕೊಂಡು ಚೀಲದಿಂದ ತೆಗೆಯುವಾಗ ಟ್ರಿಗರ್ ಮೇಲಿನ ಗುಂಡಿ ಎಷ್ಟೋ ಸಲ ಉಲ್ಟಾ ಒತ್ತಿರುತ್ತದೆ. ಸಾಮಾನ್ಯವಾಗಿ ಆಗರ್ ಬಲಕ್ಕೆ, ಅಂದರೆ ಗಡಿಯಾರದ ಮುಳ್ಳಿನಂತೆ ತಿರುಗುತ್ತಾ ಕಡಿಯುತ್ತದೆ. ಆದರೆ ರಷ್ಯಾ ಕಡೆಯ ಕೆಲವು ಕೈ ಆಗರ್‌ಗಳು ಎಡಕ್ಕೆ ತಿರುಗುವಂತೆ ಮಾಡಿದವು. ನಿಮ್ಮದು ಯಾವ ಕಡೆಯದು ಅಂತ ತಿಳಿಯಲು ಅಲಗು ನೋಡಿ. ಹರಿತದ ಅಂಚು ಯಾವ ಕಡೆ ಮುಖ ಮಾಡಿದೆಯೋ ಅದೇ ದಿಕ್ಕಿಗೆ ತಿರುಗಬೇಕು.

ದಿಕ್ಕು ಸರಿಯಿದ್ದರೆ ಈಗ ಬಗ್ಗಿ ಪುಡಿ ನೋಡಿ.

ಹರಿತವಾದ ನೇರ ಅಲಗು ಐಸನ್ನು ಹೆರೆಯುತ್ತದೆ. ಬಡಗಿ ತೋಪಡ ಹೊಡೆದಾಗ ಬೀಳುವ ಸಿಪ್ಪೆಯಂತೆ ತೆಳ್ಳನೆಯ ಚಕ್ಕೆಗಳು ಸುರುಳಿಯ ಮೇಲೆ ಏರಿ ಬರುತ್ತವೆ. ಬೊಗಸೆಗೆ ತೆಗೆದುಕೊಂಡರೆ ಗರಗರ ಅನ್ನುತ್ತವೆ. ಅಲಗು ಮೊಂಡಾಗಿದ್ದರೆ ಚಕ್ಕೆ ಬರುವುದಿಲ್ಲ. ಹಿಟ್ಟಿನಂಥ ನುಣ್ಣನೆ ಪುಡಿ ಬರುತ್ತದೆ, ಹೊಸ ಹಿಮದಂತೆ ಕೈಗೆ ಅಂಟುತ್ತದೆ. ಮೊಂಡು ಅಲಗು ಕಡಿಯುತ್ತಿಲ್ಲ, ಉಜ್ಜುತ್ತಿದೆ ಎಂದು ಅರ್ಥ. ಏನೂ ಪುಡಿಯೇ ಇಲ್ಲ, ಐಸ್ ಮೇಲೆ ಹೊಳೆಯುವ ಉಂಗುರ ಮಾತ್ರ ಮೂಡಿದೆ ಅಂದರೆ ಅಲಗಿನ ಅಂಚು ಐಸನ್ನು ಮುಟ್ಟುತ್ತಲೇ ಇಲ್ಲ. ಹಲ್ಲು ಹಲ್ಲಾಗಿರುವ ಅಲಗಿನದು ಬೇರೆ ಲೆಕ್ಕ. ಅದು ಐಸನ್ನು ಹೆರೆಯುವುದಿಲ್ಲ, ಒಡೆಯುತ್ತದೆ. ಹಾಗಾಗಿ ಒರಟು ಚೂರುಗಳೇ ಬರುತ್ತವೆ, ಅದು ದೋಷವಲ್ಲ.

*ಉಂಗುರ ಮಾತ್ರ ಬಂದರೆ: ಐಸಿನ ಪೊರೆ*

ಒಮ್ಮೆ ಬೆಳಗ್ಗೆ ಮೂರು ತೂತು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಆದವು. ನಾಲ್ಕನೆಯದಕ್ಕೆ ನಡೆದು ಹೋಗಿ ಆಗರ್ ಇಟ್ಟರೆ ಸುಮ್ನೆ ಗಿರಗಿರ ತಿರುಗುತ್ತಿದೆ. ಎಷ್ಟು ಒತ್ತಿದರೂ ಅಷ್ಟೇ. ಅಲಗು ಹೋಯಿತು ಅಂದುಕೊಂಡು ಹೊಸ ಜೋಡಿಗಾಗಿ ಚೀಲಕ್ಕೆ ಕೈ ಹಾಕಿದ್ದೆ. ಆಗರನ್ನು ಅಡ್ಡ ಮಲಗಿಸಿ ಬೆಳಕಿಗೆ ಹಿಡಿದಾಗ ಗೊತ್ತಾಯಿತು, ಅಲಗಿನ ಅಂಚಿನ ಮೇಲೆ ಗಾಜಿನಂಥ ಪೊರೆ. ಮೂರನೆಯ ತೂತಿನ ನೀರು ಅಲಗಿನ ಮೇಲೇ ಉಳಿದು, ನಡೆಯುವ ಎರಡು ನಿಮಿಷದಲ್ಲಿ ಹೆಪ್ಪುಗಟ್ಟಿತ್ತು.

ಇದಕ್ಕೆ ಮದ್ದು ಸುಲಭ. ಹಳೇ ತೂತಿನ ನೀರಿನಲ್ಲಿ ಆಗರಿನ ತಲೆಯನ್ನು, ಅಂದರೆ ಅಲಗು ಕೂತಿರುವ ಕೆಳತುದಿಯನ್ನು, ಅರ್ಧ ನಿಮಿಷ ಅದ್ದಿ. ಆ ನೀರು ಹೊರಗಿನ ಗಾಳಿಗಿಂತ ಬೆಚ್ಚಗಿರುತ್ತದೆ, ಪೊರೆ ಸಡಿಲವಾಗುತ್ತದೆ. ತೆಗೆದ ಕೂಡಲೇ ಬಟ್ಟೆಯಿಂದ ಒರೆಸಿ. ಕೈಬೆರಳಿನಿಂದ ಒರೆಸಬೇಡಿ. ಚಳಿಗೆ ಮರಗಟ್ಟಿದ ಬೆರಳು ಕುಯ್ದರೆ ಗೊತ್ತೇ ಆಗುವುದಿಲ್ಲ, ಹಿಮ ಕೆಂಪಾದಾಗಲೇ ತಿಳಿಯುವುದು. ಇನ್ನೊಂದು ಮಾತು: ಆಗರನ್ನು ಐಸಿಗೆ ಕುಕ್ಕಿ ಪೊರೆ ಉದುರಿಸುವ ಚಾಳಿ ಬಹಳ ಜನಕ್ಕಿದೆ. ಹಾಗೆ ಕುಕ್ಕಿದರೆ ಪೊರೆಯ ಜೊತೆ ಅಂಚೂ ಹೋಗುತ್ತದೆ, ಅಲಗು ಕೂರುವ ಬುಡವೂ ಬಾಗುತ್ತದೆ. ಪೊರೆ ಕಟ್ಟದಂತೆ ನೋಡಿಕೊಳ್ಳಲು ತೂತು ಮುಗಿದ ಕೂಡಲೇ ಆಗರನ್ನು ಹೊರಗೆ ಎತ್ತಿ, ಯಾರೂ ಹತ್ತಿರ ಇಲ್ಲದಾಗ, ಗಾಳಿಯಲ್ಲೇ ಒಂದೆರಡು ಸುತ್ತು ತಿರುಗಿಸಿ. ನೀರು ಸಿಡಿದು ಹೋಗುತ್ತದೆ.

*ಹಿಟ್ಟು ಬಂದರೆ: ಮೊಂಡು ಅಲಗು*

ಅಲಗಿನ ಅಂಚನ್ನು ಬೆಳಕಿಗೆ ನೇರ ಹಿಡಿದು ನೋಡಿ. ಹರಿತವಾದ ಅಂಚು ಬೆಳಕನ್ನು ಹಿಂದಕ್ಕೆ ಕಳಿಸುವುದಿಲ್ಲ, ಕಪ್ಪು ಗೆರೆಯಂತೆ ಕಾಣುತ್ತದೆ. ಎಲ್ಲಾದರೂ ಬಿಳಿ ಚುಕ್ಕಿ, ಬಿಳಿ ಗೆರೆ ಮಿಂಚಿದರೆ ಅಲ್ಲಿ ಮೊಂಡಾಗಿದೆ ಅಥವಾ ಮುಕ್ಕಾಗಿದೆ.

ಮೊಂಡಾಗಲು ಕಾರಣ ಹೆಚ್ಚಾಗಿ ಮರಳು. ದಡದ ಹತ್ತಿರ ನೀರು ಕಡಿಮೆ. ಐಸ್ ತೂತಾದ ರಭಸದಲ್ಲಿ ಆಗರ್ ತಳಕ್ಕೆ ತಾಗುತ್ತದೆ, ಒಂದೇ ಒಂದು ಸಲ ತಾಗಿದರೆ ಸಾಕು, ಅಲಗಿನ ಕತೆ ಮುಗಿಯಿತು. ಗಾಳಿಗೆ ತೂರಿ ಬಂದ ಮಣ್ಣು ಸೇರಿ ಹೆಪ್ಪುಗಟ್ಟಿದ ಕೊಳಕು ಐಸೂ ಅಷ್ಟೇ.

ನೇರ ಅಲಗಾದರೆ ನುಣ್ಣನೆಯ ಸಾಣೆಕಲ್ಲಿನ ಮೇಲೆ ಮನೆಯಲ್ಲೇ ಮಸೆಯಬಹುದು. ಮೂಲದ ಓರೆ ಎಷ್ಟಿದೆಯೋ ಅಷ್ಟನ್ನೇ ಉಳಿಸಿಕೊಳ್ಳಬೇಕು. ಇಲ್ಲಿ ಅವಸರ ಮಾಡಿದರೆ ಅಲಗು ರೇಜರ್‌ನಂತೆ ಹರಿತವಾಗಿದ್ದರೂ ಐಸನ್ನು ಕಚ್ಚುವುದಿಲ್ಲ, ಯಾಕೆಂದರೆ ಅಂಚಿನ ಹಿಂಭಾಗವೇ ಮೊದಲು ಐಸಿಗೆ ತಾಗಿ ಅಂಚನ್ನು ಮೇಲೆತ್ತುತ್ತದೆ. ‘ಮಸೆದ ಮೇಲೆ ಇನ್ನೂ ಕೆಟ್ಟುಹೋಯಿತು’ ಅನ್ನುವವರದ್ದು ಇದೇ ತೊಂದರೆ. ಚಮಚದಂತೆ ಬಾಗಿದ ಅಲಗು, ಹಲ್ಲಿನ ಅಲಗು, ಇವೆರಡನ್ನೂ ಮನೆಯಲ್ಲಿ ಮಸೆಯಲು ಹೋಗಬೇಡಿ. ಹೊಸದು ಹಾಕಿ, ಇಲ್ಲವೇ ತಿಳಿದವರ ಕೈಗೆ ಕೊಡಿ.

*ಹೊಸ ಅಲಗು ಹಾಕಿದರೂ ಅಷ್ಟೇ ಅಂದರೆ*

ಬೋಲ್ಟ್ ಬಿಗಿಯಾಗಿವೆಯಾ? ಅಲಗು ಮಗುಚಿ ಕೂತಿದೆಯಾ? ಬಿಚ್ಚುವ ಮುಂಚೆ ಫೋನಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಂಡರೆ ಈ ಪ್ರಶ್ನೆಯೇ ಬರುವುದಿಲ್ಲ. ಒಂದು ಹೊಸದು, ಒಂದು ಹಳೆಯದು ಹಾಕಬೇಡಿ. ಎರಡೂ ಒಂದೇ ಎತ್ತರದಲ್ಲಿ ಇರದಿದ್ದರೆ ಕೆಲಸವೆಲ್ಲ ಒಂದೇ ಅಲಗಿನ ಮೇಲೆ ಬೀಳುತ್ತದೆ, ಇನ್ನೊಂದು ಸುಮ್ಮನೆ ಜೊತೆಗೆ ಸುತ್ತುತ್ತದೆ. ಹೆಂಚಿನಷ್ಟು ಸಮತಟ್ಟಾದ ಹಲಗೆಯ ಮೇಲೆ ಆಗರನ್ನು ನೇರ ನಿಲ್ಲಿಸಿ, ನಿಧಾನವಾಗಿ ಕೈಯಿಂದ ಸುತ್ತಿಸಿ. ಎರಡು ಅಲಗೂ ಒಂದೇ ಎತ್ತರದಲ್ಲಿ ತಾಗಬೇಕು. ಒಂದು ಮೇಲೆ ಉಳಿದರೆ ಅದರ ಬುಡ ಬಾಗಿದೆ. ಸುತ್ತಿಗೆಯಿಂದ ಸರಿಮಾಡುವ ಸಾಹಸ ಬೇಡ. ತಲೆಯ ಭಾಗ ಬದಲಾಯಿಸಬೇಕು, ಅಥವಾ ತಯಾರಕರನ್ನು ಕೇಳಬೇಕು.

"ಶುರುವಿನಲ್ಲೇ ಜಾರಿ ಓಡಾಡುತ್ತೆ"

ಹಿಮ ಗುಡಿಸಿ ಐಸ್ ಕಾಣುವಂತೆ ಮಾಡಿದಿರಾ? ಇಲ್ಲದಿದ್ದರೆ ಮೊದಲು ಅದು. ಆಮೇಲೆ ಆಗರನ್ನು ಓರೆಯಾಗಿ ಹಿಡಿಯದೆ ನೇರ ನಿಲ್ಲಿಸಿ, ಒತ್ತದೆ ನಿಧಾನವಾಗಿ ಶುರು ಮಾಡಿ. ಮಧ್ಯದಲ್ಲಿ ಚೂಪು ಮೊನೆ ಇರುವ ಆಗರಾದರೆ ಆ ಮೊನೆ ಸವೆದಿದೆಯಾ ನೋಡಿ. ಹಾರೆಯ ತುದಿಯಿಂದ ಐಸಿನಲ್ಲಿ ಒಂದು ಚಿಕ್ಕ ಗುಳಿ ಮಾಡಿಕೊಂಡರೂ ಆಗರ್ ನೆಟ್ಟಗೆ ಕೂರುತ್ತದೆ. ನಿಮ್ಮ ಕಾಲೇ ಜಾರುತ್ತಿದ್ದರೆ ಬೂಟಿಗೆ ಮೊಳೆಪಟ್ಟಿ ಹಾಕಿಕೊಳ್ಳಿ. ಆಗರಿಗೆ ಬೈದು ಪ್ರಯೋಜನವಿಲ್ಲ.

"ಅರ್ಧಕ್ಕೆ ಹೋಗಿ ಸಿಕ್ಕಿಹಾಕಿಕೊಳ್ಳುತ್ತೆ"

ಐಸ್ ಎಷ್ಟು ಹೊರಬರಬೇಕು ಅನ್ನುವ ಅಂದಾಜು ನಮಗಿರುವುದಿಲ್ಲ. 8 ಇಂಚು ಅಗಲದ ತೂತು, 50 ಸೆಂ.ಮೀ. ದಪ್ಪದ ಐಸ್ ಅಂದುಕೊಳ್ಳಿ. ಅಲ್ಲಿಂದ ಸುಮಾರು 15 ಕಿಲೋ ಐಸ್ ಮೇಲೆ ಬರಬೇಕು. ಪುಡಿಯಾದ ಮೇಲೆ ಅದು ಉಬ್ಬಿ ಇನ್ನೂ ಜಾಸ್ತಿ ಜಾಗ ಬೇಡುತ್ತದೆ. ಅದು ಹೊರಗೆ ಬರದೆ ಸುರುಳಿಯಲ್ಲೇ ತುಂಬಿಕೊಂಡರೆ ಆಗರ್ ತನ್ನ ಪುಡಿಯಲ್ಲೇ ಹೂತುಹೋಗುತ್ತದೆ.

ಹಾಗಾಗಿ ಒಂದೇ ಉಸಿರಿಗೆ ಒತ್ತಬೇಡಿ. ಒಂದು ಗೇಣು ಇಳಿದ ಮೇಲೆ, ತಿರುಗುತ್ತಿರುವಾಗಲೇ ಸ್ವಲ್ಪ ಮೇಲೆತ್ತಿ ಪುಡಿ ಚೆಲ್ಲಿ, ಮತ್ತೆ ಇಳಿಸಿ. ಚಳಿಗಾಲ ಮುಗಿಯುತ್ತಾ ಬಂದಾಗ ಒದ್ದೆ ಐಸ್ ಕೆಸರಾಗಿ ಅಂಟಿಕೊಳ್ಳುತ್ತದೆ. ಆಗಂತೂ ಇನ್ನೂ ಬೇಗ ಬೇಗ ಎತ್ತಬೇಕು. ತೂತಿನೊಳಗೆ ಆಗರ್ ನಿಲ್ಲಿಸಿ ಫೋನ್ ಮಾತಾಡುವುದು, ಗ್ಲೌಸ್ ಸರಿಮಾಡಿಕೊಳ್ಳುವುದು ಮಾಡಬೇಡಿ. ಕೆಸರು ಹೆಪ್ಪುಗಟ್ಟಲು ತೀರಾ ಹೊತ್ತು ಬೇಕಿಲ್ಲ.

ಈಗಾಗಲೇ ಸಿಕ್ಕಿಹಾಕಿಕೊಂಡಿದ್ದರೆ? ಡ್ರಿಲ್ ಬಿಚ್ಚಿ. ಕಂಬಿಗೆ ಹಿಡಿ ಸಿಕ್ಕಿಸಲು ಆದರೆ ಸಿಕ್ಕಿಸಿ, ಕೈಯಿಂದಲೇ ಹಿಂದಕ್ಕೆ ಮುಂದಕ್ಕೆ ಅಲುಗಿಸಿ. ಪಕ್ಕದಲ್ಲಿ ಇನ್ನೊಂದು ತೂತು ಇದ್ದರೆ ಅಲ್ಲಿಂದ ನೀರು ಮೊಗೆದು ಸುತ್ತಲೂ ಸುರಿದು ತಕ್ಷಣ ಅಲುಗಿಸಿದರೆ ಬಿಟ್ಟುಕೊಳ್ಳುವುದುಂಟು. ಅದಕ್ಕೂ ಬಗ್ಗದಿದ್ದರೆ ಹಾರೆಯಿಂದ ಸುತ್ತಲಿನ ಐಸನ್ನು ಸ್ವಲ್ಪ ಸ್ವಲ್ಪವೇ ಒಡೆಯಿರಿ. ಕಂಬಿಗೆ, ಸುರುಳಿಗೆ ಏಟು ಬೀಳಬಾರದು. ಪೆಟ್ರೋಲ್, ಕಾರಿನ ಕೂಲೆಂಟ್ ಸುರಿಯುವ ಐಡಿಯಾ ಯಾರಾದರೂ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ. ಅದೆಲ್ಲ ನೇರ ಕೆರೆಗೆ ಇಳಿಯುತ್ತದೆ.

ನಿನ್ನೆಯ ತೂತನ್ನೇ ಮತ್ತೆ ಕೊರೆಯುವಾಗ ಸಿಕ್ಕಿಕೊಂಡರೆ ಅದು ಬೇರೆ ವಿಷಯ. ಹಳೇ ತೂತಿನ ಅಂಚು ಏರುಪೇರಾಗಿರುತ್ತದೆ. ಹೆರೆಯುವ ಅಲಗಿನ ಒಂದು ಬದಿ ಗಟ್ಟಿ ಐಸಿಗೆ, ಇನ್ನೊಂದು ಬದಿ ಖಾಲಿಗೆ ಸಿಕ್ಕಿ ಜರ್ ಎಂದು ನಿಲ್ಲುತ್ತದೆ, ಬಾಗಿದರೂ ಬಾಗಿತು. ಅಂಥ ಕೆಲಸಕ್ಕೆ ಹಲ್ಲಿನ ಅಲಗೇ ಸರಿ. ಅದಿಲ್ಲದಿದ್ದರೆ ಎರಡಡಿ ಪಕ್ಕಕ್ಕೆ ಹೋಗಿ ಹೊಸ ತೂತು ಕೊರೆಯುವುದೇ ಸುಲಭ.

"ಟರ್‌ರ್ ಅಂತ ಸದ್ದು ಬಂದು ಆಗರ್ ನಿಲ್ಲುತ್ತೆ"

ಡ್ರಿಲ್ ತಿರುಗುತ್ತಿದೆ, ಆಗರ್ ನಿಂತಿದೆ, ಟರ್‌ರ್ ಎನ್ನುವ ಸದ್ದು. ಡ್ರಿಲ್ ಒಡೆದುಹೋಯಿತು ಅಂತ ಗಾಬರಿಯಾಗಬೇಡಿ. ಚಕ್ಕಿನ, ಅಂದರೆ ಬಿಟ್ ಕಚ್ಚಿ ಹಿಡಿಯುವ ಡ್ರಿಲ್ಲಿನ ಬಾಯಿಯ, ಹಿಂದೆ ಅಂಕಿ ಬರೆದ ಉಂಗುರ ಇದೆಯಲ್ಲ, ಅದು ಸ್ಕ್ರೂ ಬಿಗಿ ಮಾಡಲು ಇರುವ ಕ್ಲಚ್. ಅಂಕಿಯ ಮೇಲೆ ಇದ್ದರೆ ಸ್ವಲ್ಪ ಭಾರ ಬಿದ್ದ ಕೂಡಲೇ ಬಿಟ್ಟುಕೊಡುತ್ತದೆ. ಅದನ್ನು ಡ್ರಿಲ್ ಬಿಟ್‌ನ ಚಿತ್ರ ಇರುವ ಕಡೆ ತಿರುಗಿಸಿ. ಸುತ್ತಿಗೆಯ ಚಿತ್ರವೂ ಇದ್ದರೆ ಅದು ಗೋಡೆಗೆ, ಐಸಿಗಲ್ಲ.

ಜೊತೆಗೇ ಗೇರ್ ನೋಡಿ. ಮೇಲಿನ ಜಾರುಗುಂಡಿ 1ರಲ್ಲಿರಲಿ. 2ರಲ್ಲಿ ವೇಗ ಜಾಸ್ತಿ, ಬಲ ಕಡಿಮೆ. ಬೇಗ ಕೊರೆಯಲಿ ಎಂದು 2ಕ್ಕೆ ಹಾಕಿದರೆ ಮೋಟಾರ್ ಬಿಸಿಯಾಗಿ ಅರ್ಧಕ್ಕೇ ನಿಲ್ಲುತ್ತದೆ.

"ಡ್ರಿಲ್ ತಟ್ಟನೆ ನಿಂತು ದೀಪ ಮಿನುಗುತ್ತೆ"

ಇದು ಕೆಟ್ಟದ್ದಲ್ಲ, ಕೆಡದಂತೆ ತನ್ನನ್ನು ಕಾಪಾಡಿಕೊಂಡದ್ದು. ಈಗಿನ ಲಿಥಿಯಂ ಬ್ಯಾಟರಿಗಳಲ್ಲಿ ಭಾರ ಮೀರಿದರೆ, ಬಿಸಿ ಮೀರಿದರೆ ಕರೆಂಟ್ ಕಡಿದುಹಾಕುವ ಸರ್ಕೀಟ್ ಇರುತ್ತದೆ. ಟ್ರಿಗರ್ ಬಿಡಿ. ಆಗರನ್ನು ಮೇಲೆತ್ತಿ ಪುಡಿ ಚೆಲ್ಲಿ. ಒಂದೆರಡು ನಿಮಿಷ ಬಿಟ್ಟು ಒತ್ತಡ ಹಾಕದೆ ಮತ್ತೆ ಶುರು ಮಾಡಿ. ಆಗರಿನ ತೂಕವೇ ಇಳಿಯಲು ಸಾಕು, ಅಲಗು ಹರಿತವಾಗಿದ್ದರೆ ನಾವು ಒತ್ತುವ ಅಗತ್ಯವೇ ಇಲ್ಲ. ಒತ್ತಬೇಕಾಗಿ ಬಂತು ಅಂದರೆ ಮೇಲೆ ಹೇಳಿದ ಪುಡಿ ಪರೀಕ್ಷೆಗೆ ವಾಪಸ್ ಹೋಗಿ.

ಅಲಗು ಸರಿಯಿದ್ದೂ ಪ್ರತಿ ತೂತಿಗೂ ನಿಲ್ಲುತ್ತಿದ್ದರೆ ಈಗ ಡ್ರಿಲ್ ಮೇಲೆ ಅನುಮಾನ ಪಡಬಹುದು. ಐಸ್ ಕೊರೆಯಲು 18 ವೋಲ್ಟ್‌ನ, ಬ್ರಷ್‌ಲೆಸ್ (ಒಳಗೆ ಸವೆಯುವ ಬ್ರಷ್ ಇಲ್ಲದ) ಮೋಟಾರಿನ, 13 ಮಿ.ಮೀ. ಅಂದರೆ ಅರ್ಧ ಇಂಚಿನ ಚಕ್ ಇರುವ ಡ್ರಿಲ್ ಬೇಕು. ತಿರುಚುವ ಬಲ ಸುಮಾರು 80 ನ್ಯೂಟನ್ ಮೀಟರ್ ಇದ್ದರೆ ನೆಮ್ಮದಿ. ಪುಸ್ತಕದ ಕಪಾಟು ಜೋಡಿಸಲು ತಂದ 12 ವೋಲ್ಟ್ ಡ್ರಿಲ್ಲಿಗೆ 8 ಇಂಚಿನ ಆಗರ್ ಕಟ್ಟಿದರೆ ಮೇಕೆಗೆ ನೇಗಿಲು ಕಟ್ಟಿದ ಹಾಗೆ. ಸ್ಕ್ರೂ ಬಿಗಿಯುವ ಇಂಪ್ಯಾಕ್ಟ್ ಡ್ರೈವರ್‌ಗೆ ಬಲ ಜಾಸ್ತಿ ಅಂತ ಅದನ್ನು ಹಾಕುವವರಿದ್ದಾರೆ. ಅದರ ಬಲ ಏಟು ಏಟಾಗಿ ಬರುವಂಥದ್ದು, ಒಂದೇ ಸಮ ತಿರುಗಿಸುವ ಈ ಕೆಲಸಕ್ಕೆ ಅಲ್ಲ.

ಡ್ರಿಲ್ಲಿನಿಂದ ಸುಟ್ಟ ವಾಸನೆ, ಹೊಗೆ ಬಂದರೆ, ಬ್ಯಾಟರಿ ಊದಿಕೊಂಡಿದ್ದರೆ ಅಲ್ಲಿಗೆ ನಿಲ್ಲಿಸಿ. ಬ್ಯಾಟರಿ ತೆಗೆದು ದೂರ ಇಡಿ, ಟೆಂಟಿನೊಳಗೆ ತರಬೇಡಿ. ಅದು ಸರ್ವಿಸ್ ಸೆಂಟರಿನ ಕೆಲಸ.

"ನಾಲ್ಕು ತೂತಿಗೇ ಬ್ಯಾಟರಿ ಖಾಲಿ"

ಮನೆಯಲ್ಲಿ ಪೂರ್ತಿ ಚಾರ್ಜ್ ತೋರಿಸಿದ ಬ್ಯಾಟರಿ ಕೆರೆಯ ಮೇಲೆ ಮಂಕಾಗುವುದು ಚಳಿಯಿಂದ. ಲಿಥಿಯಂ ಬ್ಯಾಟರಿ ತಣ್ಣಗಾದಷ್ಟೂ ಒಳಗಿನ ಪ್ರತಿರೋಧ ಏರುತ್ತದೆ, ಭಾರ ಬಿದ್ದಾಗ ವೋಲ್ಟೇಜ್ ಕುಸಿಯುತ್ತದೆ, ಡ್ರಿಲ್ ಅದನ್ನೇ ಖಾಲಿ ಅಂದುಕೊಳ್ಳುತ್ತದೆ. ಬ್ಯಾಟರಿಯನ್ನು ಜಾಕೆಟ್ಟಿನ ಒಳಜೇಬಿನಲ್ಲಿ ಇಟ್ಟುಕೊಳ್ಳಿ, ಕೊರೆಯುವಾಗ ಮಾತ್ರ ಹಾಕಿ. ಖಾಲಿ ಅನ್ನಿಸಿದ ಬ್ಯಾಟರಿ ಜೇಬಿನಲ್ಲಿ ಬೆಚ್ಚಗಾದ ಮೇಲೆ ಇನ್ನೂ ಒಂದೆರಡು ತೂತು ಕೊರೆದರೆ ಅದು ಕೆಟ್ಟಿಲ್ಲ, ಚಳಿ ಹಿಡಿದಿತ್ತು ಅಷ್ಟೇ. ಬೆಚ್ಚಗಾದರೂ ಏಳದಿದ್ದರೆ ವಯಸ್ಸಾಗಿದೆ.

ಒಂದು ಎಚ್ಚರಿಕೆ: ಹೆಪ್ಪುಗಟ್ಟುವಷ್ಟು ತಣ್ಣಗಿರುವ ಬ್ಯಾಟರಿಯನ್ನು ಬಂದ ಕೂಡಲೇ ಚಾರ್ಜಿಗೆ ಹಾಕಬೇಡಿ. 0 ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಒಳಗೆ ಲೋಹವಾಗಿ ಕೂತುಬಿಡುತ್ತದೆ, ಆ ಹಾನಿ ವಾಪಸ್ ಬರುವುದಿಲ್ಲ. ಕೋಣೆಯ ಬಿಸಿಗೆ ಬರುವ ತನಕ ಕಾಯಿರಿ.

ಬ್ಯಾಟರಿಯ ಅಳತೆಯನ್ನೂ ನೋಡಿ. 2 ಆಂಪಿಯರ್-ಅವರ್‌ನದು ಈ ಕೆಲಸಕ್ಕೆ ಸಾಲದು, 4 ಅಥವಾ 5 ಬೇಕು. ಅದಕ್ಕಿಂತ ಮುಖ್ಯವಾಗಿ ಆಗರಿನ ಅಗಲ. 6 ಇಂಚಿಗೂ 8 ಇಂಚಿಗೂ ಎರಡೇ ಇಂಚು ವ್ಯತ್ಯಾಸ ಅಲ್ವಾ ಅನ್ನಿಸುತ್ತದೆ. ಆದರೆ ತೂತಿನ ವಿಸ್ತಾರ ಅಗಲದ ವರ್ಗದಂತೆ ಬೆಳೆಯುತ್ತದೆ: 36ಕ್ಕೆ 64. ಅಂದರೆ 8 ಇಂಚಿನ ಆಗರ್ ಪ್ರತಿ ತೂತಿಗೂ ಸುಮಾರು 78 ಶೇಕಡ ಹೆಚ್ಚು ಐಸ್ ತೆಗೆಯಬೇಕು. ಬ್ಯಾಟರಿ ಬೇಗ ಇಳಿಯುವ ಬಹಳಷ್ಟು ದೂರುಗಳ ಮೂಲ ಈ ಗುಣಾಕಾರ. ಕೈ ಆಗರಿನವರಿಗೆ ಇದೇ ಲೆಕ್ಕ ತೋಳು ನೋವಾಗಿ ಬರುತ್ತದೆ.

"ನೀರು ತಾಗುವ ಹೊತ್ತಿಗೆ ಕೈ ತಿರುಚುತ್ತೆ"

ಕೊರೆತದ ಕೊನೆಯ ಕ್ಷಣ ಮೋಸದ್ದು. ಅಲಗಿನ ಕೆಳಗೆ ತೆಳು ಪದರ ಮಾತ್ರ ಉಳಿದಿರುತ್ತದೆ. ಅದು ಒಂದು ಬದಿಯಲ್ಲಿ ಒಡೆಯುತ್ತದೆ, ಅಲಗು ಆ ತುಂಡಿಗೆ ಕಚ್ಚಿಕೊಳ್ಳುತ್ತದೆ, ಆಗರ್ ನಿಲ್ಲುತ್ತದೆ. ಆಗರ್ ನಿಂತರೆ ಡ್ರಿಲ್ ತಿರುಗುತ್ತದೆ, ಡ್ರಿಲ್ ಹಿಡಿದ ಮಣಿಕಟ್ಟೂ ಅದರ ಜೊತೆ. ಒಂದು ಕೈಯಲ್ಲಿ ಡ್ರಿಲ್ ಹಿಡಿದು ಶೋಕಿ ಮಾಡುವವರ ಮಣಿಕಟ್ಟು ಉಳುಕುವುದು ಇಲ್ಲೇ.

ಡ್ರಿಲ್ ಜೊತೆ ಬರುವ ಪಕ್ಕದ ಹಿಡಿ ಪೆಟ್ಟಿಗೆಯಲ್ಲೇ ಇದ್ದರೆ ತೆಗೆದು ಹಾಕಿ. ಅದಿಲ್ಲದೆ ದೊಡ್ಡ ಆಗರ್ ಓಡಿಸಬೇಡಿ. ಕಾಲು ಅಗಲಿಸಿ ನಿಂತು, ಎರಡೂ ಕೈಯಲ್ಲಿ ಹಿಡಿದು, ಕೊನೆ ಹತ್ತಿರವಾದಾಗ ಒತ್ತುವ ಬದಲು ಆಗರಿನ ಭಾರವನ್ನು ಸ್ವಲ್ಪ ಎತ್ತಿ ಹಿಡಿಯಿರಿ. ಕೊರೆಯುವ ಸದ್ದು ತೆಳ್ಳಗಾಗುವುದು, ಪುಡಿ ಒದ್ದೆಯಾಗುವುದು ಕೊನೆ ಬಂದ ಸೂಚನೆ. ಟ್ರಿಗರನ್ನು ಲಾಕ್ ಮಾಡಿ ಕೊರೆಯಬೇಡಿ. ಪ್ರತಿ ಸಲವೂ ಕಚ್ಚಿಕೊಳ್ಳುತ್ತಿದ್ದರೆ ಅಲಗು ತೀರಾ ಜಾಸ್ತಿ ಹೊರಚಾಚಿದೆ ಅಥವಾ ಒಂದು ಅಲಗಿನ ಬುಡ ಬಾಗಿದೆ. ಮಣಿಕಟ್ಟು ಊದಿಕೊಂಡರೆ, ಬೆರಳು ಮಡಚಲು ಆಗದಿದ್ದರೆ ಆವತ್ತಿನ ಮೀನು ಸಾಕು, ಡಾಕ್ಟರ್ ಹತ್ತಿರ ಹೋಗಿ.

"ಆಗರ್ ಅಲುಗಾಡುತ್ತೆ, ಚಕ್ಕಿನಿಂದ ಜಾರುತ್ತೆ"

ಎರಡು ತುಂಡಿನ ಕೈ ಆಗರಾದರೆ ಕೂಡುವ ಜಾಗದ ಬೋಲ್ಟ್ ಬಿಗಿ ಮಾಡಿ, ಮುಗಿಯಿತು. ಆಮೇಲೂ ಓಲಾಡಿದರೆ ಮೇಜಿನ ಮೇಲೆ ಉರುಳಿಸಿ ಕಂಬಿ ಬಾಗಿದೆಯಾ ನೋಡಿ. ಬಾಗಿದ ಕಂಬಿ ನೆಟ್ಟಗಾಗುವುದು ಅಪರೂಪ.

ಡ್ರಿಲ್ ಆಗರಿನಲ್ಲಿ ಚಕ್ ಸಡಿಲವಾಗುವುದು ಹಾಗಲ್ಲ, ಅದರ ಬೆಲೆ ದೊಡ್ಡದು. ಐಸ್ ತೂತಾದ ಕ್ಷಣ ಕಂಬಿ ಚಕ್ಕಿನಿಂದ ಕಳಚಿದರೆ ಗುಳುಂ ಅಂತ ಒಂದು ಸದ್ದು, ಆಮೇಲೆ ಖಾಲಿ ತೂತು. ಚಕ್ಕಿನೊಳಗೆ ಐಸ್ ಪುಡಿ ಸೇರಿದ್ದರೆ ಅದು ಸರಿಯಾಗಿ ಹಿಡಿಯುವುದಿಲ್ಲ, ಒರೆಸಿ ಬಿಗಿ ಮಾಡಿ. ಕಂಬಿಯ ತುದಿಗೆ ಮೂರು ಚಪ್ಪಟೆ ಮುಖ ಇದ್ದರೆ ಚಕ್ಕಿನ ಮೂರು ಹಲ್ಲು ಆ ಮುಖಗಳ ಮೇಲೇ ಕೂರಬೇಕು, ಮೂಲೆಗಳ ಮೇಲಲ್ಲ. ಆಗರನ್ನು ಹಿಂದಕ್ಕೆ ತಿರುಗಿಸಿದರೆ ಕೈಯಿಂದ ಬಿಗಿ ಮಾಡುವ ಚಕ್ ಸಡಿಲವಾಗಬಹುದು. ಹಾಗಾಗಿ ಎಡಕ್ಕೆ ತಿರುಗುವ ಆಗರನ್ನು ಸುಮ್ನೆ ಡ್ರಿಲ್ಲಿಗೆ ಸಿಕ್ಕಿಸಬೇಡಿ. ಅದಕ್ಕೆಂದೇ ಮಾಡಿದ, ಬೋಲ್ಟ್ ಹಾಕಿ ಹಿಡಿಸುವ ಅಡಾಪ್ಟರ್ ಬೇಕು.

ಕಂಬಿಯ ಮೇಲ್ಭಾಗಕ್ಕೆ ತೂತಿಗಿಂತ ಅಗಲವಾದ ತಟ್ಟೆ ಹಾಕಿಕೊಂಡರೆ ಕಳಚಿದರೂ ಆಗರ್ ಕೆಳಗೆ ಹೋಗದೆ ತೂತಿನ ಬಾಯಲ್ಲಿ ನೇತಾಡುತ್ತದೆ. ನೀರಿನಲ್ಲಿ ತೇಲುವ ಆಗರ್‌ಗಳೂ ಇವೆ. ನನ್ನದು ತೇಲುವಂಥದ್ದಲ್ಲ ಅಂತ ತಿಳಿದದ್ದು ಅದು ಮುಳುಗಿದ ಮೇಲೆ.

ದೋಷವೇ ಇಲ್ಲ, ಆಯ್ಕೆ ತಪ್ಪು

ಕೆಲವು ಸಲ ಎಲ್ಲ ಪರೀಕ್ಷೆ ಮುಗಿದರೂ ತೊಂದರೆ ಉಳಿಯುತ್ತದೆ. ಆಗರ್ ಸರಿಯಿದೆ, ನಿಮ್ಮ ಕೆಲಸಕ್ಕೆ ಅದು ಸರಿಯಿಲ್ಲ.

ಒಂದು ಅಡಿಗಿಂತ ತೆಳು ಐಸ್, ದಿನಕ್ಕೆ ನಾಲ್ಕೈದು ತೂತು, ಚಿಕ್ಕ ಮೀನು. ಇಷ್ಟೇ ಆದರೆ ಹರಿತವಾದ 6 ಇಂಚಿನ ಕೈ ಆಗರಿಗಿಂತ ನಂಬಿಕಸ್ಥ ಸಾಧನ ಇಲ್ಲ. ಚಾರ್ಜಿಲ್ಲ, ಚಕ್ಕಿಲ್ಲ. ಮೀನು ಹುಡುಕುತ್ತಾ ಹತ್ತಾರು ತೂತು ಕೊರೆಯುವವರಿಗೆ, ಭುಜ ನೋವಿರುವವರಿಗೆ ಡ್ರಿಲ್ ಆಗರ್ ಸರಿ. ಅಲ್ಲೂ ನಾನು 6 ಇಂಚನ್ನೇ ಮೊದಲು ಹೇಳುತ್ತೇನೆ. ದೊಡ್ಡ ಮೀನನ್ನು ತಲೆ ಮುಂದಾಗಿ ತೂತಿನಲ್ಲಿ ಎಳೆಯಲು ಜಾಗ ಸಾಲದೇ ತಪ್ಪಿಸಿಕೊಂಡು ಹೋದರೆ ಆಗ 8 ಇಂಚು ಯೋಚಿಸಿ. ಅದಕ್ಕಿಂತ ದೊಡ್ಡದು ಬೇಕು ಅನ್ನುವವರು ಮೊದಲು ಆ ಜಾಗದ ಕಾನೂನು ನೋಡಬೇಕು. ಗಾಳ ಹಾಕುವ ತೂತು ಎಷ್ಟು ಅಗಲ ಇರಬಹುದು ಅನ್ನುವುದಕ್ಕೆ ಕೆಲವು ಕಡೆ ಮಿತಿ ಇದೆ.

ಡ್ರಿಲ್ಲಿನ ತಲೆ ಐಸಿಗೆ ತಾಗಿದರೂ ನೀರು ಬರದಿದ್ದರೆ ಆಗರ್ ಗಿಡ್ಡ, ಐಸ್ ದಪ್ಪ. ಅದೇ ತಯಾರಕರ ಎಕ್ಸ್‌ಟೆನ್ಶನ್ ತುಂಡು ಹಾಕಿ. ಸುತ್ತಲೂ ಹೊಂಡ ತೋಡಿ ಡ್ರಿಲ್ಲನ್ನು ಒಳಗೆ ಇಳಿಸುವ ಕಸರತ್ತು ಬೇಡ, ನೀರು ಉಕ್ಕಿದಾಗ ಮೊದಲು ನೆನೆಯುವುದು ಮೋಟಾರ್.

ಮನೆಗೆ ಬಂದ ಮೇಲೆ

ಒದ್ದೆ ಅಲಗಿಗೆ ಕವಚ ಹಾಕಿ ಮೂಲೆಗೆ ನಿಲ್ಲಿಸಿದರೆ ವಾರದಲ್ಲಿ ತುಕ್ಕು, ಮುಂದಿನ ವಾರ ಹಿಟ್ಟು. ಕೆರೆಯಿಂದ ಹೊರಡುವಾಗ ಕವಚ ಹಾಕಲೇಬೇಕು, ಗಾಡಿಯಲ್ಲಿ ಯಾರದಾದರೂ ಕಾಲಿಗೆ ತಾಗೀತು. ಮನೆಗೆ ಬಂದ ಕೂಡಲೇ ಅದನ್ನು ಬಿಚ್ಚಿ, ಕವಚದೊಳಗಿನ ನೀರು ಚೆಲ್ಲಿ, ಅಲಗು ಒಣಗಿಸಿ, ತೆಳ್ಳಗೆ ಸಿಲಿಕಾನ್ ಸ್ಪ್ರೇ ಹೊಡೆಯಿರಿ. ಬೋಲ್ಟ್‌ಗಳಿಗೆ ಒಂದು ಸಲ ಕೀ ಹಾಕಿ ನೋಡಿ. ಡ್ರಿಲ್ಲಿನ ದಿಕ್ಕಿನ ಗುಂಡಿಯನ್ನು ಮಧ್ಯಕ್ಕೆ ತಂದು ಇಟ್ಟರೆ ಟ್ರಿಗರ್ ಅಪ್ಪಿತಪ್ಪಿ ಒತ್ತಿದರೂ ತಿರುಗುವುದಿಲ್ಲ. ಇನ್ನು ಕೆರೆಯ ಮೇಲೆ ಬಿಟ್ಟು ಬಂದ ತೂತು: ಹೊರಡುವ ಮುಂಚೆಯೇ ಅದರ ಪಕ್ಕ ಐಸ್ ಪುಡಿ ಗುಡ್ಡೆ ಹಾಕಿ ಒಂದು ಒಣ ಕೊಂಬೆ ನೆಟ್ಟು ಬನ್ನಿ. ಕತ್ತಲಲ್ಲಿ ನಡೆದು ಬರುವವರಿಗೆ 8 ಇಂಚಿನ ತೂತು ಕಾಣುವುದಿಲ್ಲ, ಕೊಂಬೆ ಕಾಣುತ್ತದೆ.